ಇಪ್ಪತ್ತೆರಡು ಸ್ಕೋರಿನ ಮಾಯವ್ವ

ಕಲ್ಲೋಳಿಯ ಮಾಯವ್ವ ಗಂಡ ಸತ್ತ ಮೇಲೆ ಕುರಿ ಕಾಯ್ದೇ ಬದುಕಿದವಳು. ಮಕ್ಕಳಿಲ್ಲ, ಹೊಲವಿಲ್ಲ. ಇದ್ದದ್ದು ಆ ಹಿಂಡು, ಮತ್ತೆ ಮಾಲಿಂಗನೆಂಬ ಮೈದುನ.

ಕೊರೊನಾದ ಎರಡನೆಯ ಸುತ್ತಿನಲ್ಲಿ ಉಸಿರು ಸಿಗದೆ ಒದ್ದಾಡುತ್ತಿದ್ದವಳನ್ನು ಘಟಪ್ರಭಾದ ದವಾಖಾನೆಗೆ ಹಾಕಿದವನು ಇದೇ ಮಾಲಿಂಗ. ಸುಳ್ಳು ಹೇಳಬಾರದು, ಆ ಪುಣ್ಯ ಅವನದೇ. ಡಾಕ್ಟರು ಎದೆಯ ಸ್ಕ್ಯಾನ್ ಮಾಡಿಸಿ ಫಿಲ್ಮನ್ನು ಬೆಳಕಿಗೆ ಹಿಡಿದರು. ಮಂಚದ ಮೇಲಿದ್ದ ಮಾಯವ್ವನಿಗೆ ಎಲ್ಲ ಕೇಳುತ್ತಿತ್ತು.

"ಇಪ್ಪತ್ತೈದಕ್ಕ ಇಪ್ಪತ್ತೆರಡು ಸ್ಕೋರ್ ಐತಿ. ಎದಿ ಒಳಗ ಭಾಳ ಕೆಟ್ಟೈತಿ."

"ಉಳೀತಾಳೇನ್ರಿ?" ಎಂದ ಮಾಲಿಂಗ.

"ಇಷ್ಟು ಸ್ಕೋರ್ ಬಂದವರು ಉಳಿಯೂದು ಕಡಿಮಿ. ನಮ್ಮ ಕೈಲಾದದ್ದು ಮಾಡತೇವಿ."

ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಮಾಲಿಂಗನಿಗೆ ಅಷ್ಟು ಕನ್ನಡ ಬರುತ್ತಿರಲಿಲ್ಲವೇನೋ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರಿದ್ದಾರೆ. ಇವನು ಅತ್ತಿಗೆಯ ಉಸಿರು ನಿಲ್ಲುವ ಮೊದಲೇ ಅವಳ ಹಿಂಡು ಬಾಚಿಕೊಂಡ.

ಮಾಯವ್ವ ಸಾಯಲಿಲ್ಲ. ಮೂಗಿಗೆ ಆಕ್ಸಿಜನ್, ಮನಸ್ಸಿನ ತುಂಬ ಹಿಂಡು, ಹಟಕ್ಕೆ ಬಿದ್ದು ಉಳಿದಳು. ಮಳೆಗಾಲ ಕಳೆದು ಮನೆಗೆ ಬಂದರೆ ಅವಳ ಕುರಿಗಳ ಕಿವಿಯಲ್ಲೆಲ್ಲ ಮಾಲಿಂಗ ತನ್ನ ಗುರುತಿಗೆಂದು ಕೊಯ್ದ ಕಚ್ಚು.

"ನನ್ನ ಕುರಿ ನನಗ ಕೊಡೋ."

"ಡಾಕ್ಟರ ಹೇಳಿದ್ರಲ್ಲ ವೈನಿ, ನೀನೂ ಕೇಳೀದಿ. ಸತ್ತಿ ಅಂತ ತಿಳದ ಇಟಗೊಂಡೇನಿ. ನಾ ಏನ ಕದ್ದೇನಿ?"

ನಾಚಿಕೆಗೆಟ್ಟವನಿಗೆ ಎದೆಯ ಫಿಲ್ಮೇ ಸಾಕ್ಷಿ. ನ್ಯಾಯ ಊರ ಹಿರಿಯ ಶೆಟ್ಟೆಪ್ಪನ ಮುಂದೆ ಹೋಯಿತು. ಮುದುಕ ಒಳ್ಳೆಯವನೇ. ಮಾಯವ್ವನಿಗೆ ಕುರಿ ಕೊಡಿಸಬೇಕೆಂಬ ಆಸೆಯಿಂದಲೇ ಹಳೆಯ ಕಾಲದ ಪರೀಕ್ಷೆ ಹೇಳಿದ.

"ಕಿವಿಗೆ ಕಚ್ಚು ಯಾರ ಬೇಕಾದ್ರೂ ಹಾಕತಾರ. ಕುರಿ ಯಾರು ಕರದ್ರ ಬರತಾವೋ ಅವರವು. ಮಾಯವ್ವಾ, ಮೊದಲ ನೀ ಕರಿ."

ಸೇರಿದವರು ಸಮಾಧಾನದಿಂದ ತಲೆಯಾಡಿಸಿದರು. ಹಳ್ಳದಾಚೆಯ ಕುರಿಯನ್ನೂ ಎಳೆದು ತರುತ್ತಿದ್ದ ಅವಳ ದನಿ ಯಾರಿಗೆ ಗೊತ್ತಿಲ್ಲ? ಮಾಲಿಂಗನ ಮುಖ ಸಣ್ಣಗಾಯಿತು.

ಮಾಯವ್ವ ಸೆರಗು ಬಿಗಿದು ಮುಂದೆ ಬಂದು ಉಸಿರೆಳೆದುಕೊಂಡಳು. ಉಸಿರು ಅರ್ಧಕ್ಕೇ ನಿಂತಿತು. ಬಾಯಿ ತೆರೆದರೆ ಕೆಮ್ಮು. ಮತ್ತೊಮ್ಮೆ ಕರೆದಳು, ಪಕ್ಕದಲ್ಲಿದ್ದ ಶೆಟ್ಟೆಪ್ಪನಿಗೂ ಅದು ಕೇಳಲಿಲ್ಲ. ಕುರಿಗಳು ಮೇಯುತ್ತಲೇ ಇದ್ದವು. ಸತ್ತಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಮೊದಲ ಸಲ ಅನಿಸಿತು.

ಆಮೇಲೆ, ಮಳೆಗಾಲವೆಲ್ಲ ಅವುಗಳನ್ನು ಮೇಯಿಸಿದ್ದ ಮಾಲಿಂಗ ಕರೆದ. ಹಿಂಡು ತಲೆಯೆತ್ತಿ, ನಡುವೆ ನಿಂತಿದ್ದ ಮಾಯವ್ವನ ಸೀರೆಗೆ ಎರಡೂ ಕಡೆಯಿಂದ ಮೈ ಸವರಿಕೊಂಡು, ಅವನತ್ತ ಓಡಿತು.