ಕುಂಕುಮ ಹಚ್ಚಿದ ಇದ್ದಿಲು

ನಮ್ಮ ಫ್ರಿಜ್ಜಿನ ಬಾಗಿಲು ತೆರೆದರೆ ಮೊದಲು ಮಾತಾಡಿಸುವುದು ಕೊಳೆತ ಮೂಲಂಗಿ. ಇಂಥವುಗಳ ಬಾಯಿ ಮುಚ್ಚಿಸಲೆಂದು ಹೆಂಡತಿ ಕೋಠಿ ಬಜಾರಿನಿಂದ ತಂದಿದ್ದ ಇದ್ದಿಲಿನ ಪುಟ್ಟ ಚೀಲ, ಕವರು ಹರಿದುಕೊಂಡು ಎರಡು ವರ್ಷ ಕಪಾಟಿನಲ್ಲೇ ಬಿದ್ದಿತ್ತು. ಮೊನ್ನೆ ಅದನ್ನು ಹುಡುಕಿ ತೆಗೆದು, "ಹೊಸಾದೈತ್ರಿ, ಒಮ್ಮಿನೂ ಬಳಸಿಲ್ಲ" ಎಂದಳು. ನಾನು ಚೀಲ ಕಸಿದುಕೊಂಡು ಕೂಗಾಡಿದೆ. ಒಂದು ಹಿಡಿ ಇದ್ದಿಲಿಗೆ ಇಷ್ಟು ಕೋಪವೇ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ಸಕ್ರಿಯ ಇಂಗಾಲವೆಂಬ ಈ ಇದ್ದಿಲಿನ ಒಡಲೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ವಿಷದ ಆವಿಯನ್ನು ಅವು ಸೆಳೆದು ಹಿಡಿದಿಡುತ್ತವೆ. ತೆರೆದಿಟ್ಟರೆ ಗಾಳಿಯ ಆಮ್ಲಜನಕ ಅದರ ಮೈಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ, ಅಂಟಿದ ಮೇಲೆ ಅದಕ್ಕೆ ತೇವದ ಮೋಹ ಹುಟ್ಟುತ್ತದೆ, ತೇವ ಬಂದು ತುಂಬಿಕೊಂಡ ರಂಧ್ರದಲ್ಲಿ ವಿಷಕ್ಕೆ ಜಾಗವಿರುವುದಿಲ್ಲ. ಒಂದು ದಿನವೂ ದುಡಿಯದೆ ಮುದಿಯಾಗುವ ವಸ್ತು ಇದು. ಹೈದರಾಬಾದಿನ ಕಾರ್ಖಾನೆಯೊಂದರಲ್ಲಿ ರಸಾಯನಶಾಸ್ತ್ರಜ್ಞನೆಂದು ಮೆರೆದ ನಾನು ಇದನ್ನೆಲ್ಲ ಓದಿದ್ದೆ. ಓದಿದ್ದೆ, ಅಷ್ಟೆ.

ನಮ್ಮ ಪೇಂಟ್ ವಿಭಾಗದಲ್ಲಿ ಕರ್ನಾಟಕದವರೇ ಹೆಚ್ಚು, ಆಯುಧಪೂಜೆಯೂ ಜೋರು. ಸ್ಪ್ರೇ ಗನ್ನು, ಏಣಿ, ಕೊನೆಗೆ ಮಾಸ್ಕಿಗೆ ಸಿಕ್ಕಿಸುವ ಇದ್ದಿಲಿನ ಡಬ್ಬಿಗಳಿಗೂ ಕುಂಕುಮ. ಮೊಹರು ಮಾಡಿದ ಕವರಿನ ಮೇಲೆ ಹಚ್ಚಿದರೆ ಪೂಜೆ ಒಳಗಿನ ಡಬ್ಬಿಗೆ ತಲುಪೀತೇ ಎಂಬ ಘನವಾದ ಶಾಸ್ತ್ರಜಿಜ್ಞಾಸೆ ತೆಗೆದು, ಕತ್ತರಿ ಹಿಡಿದು ಕವರುಗಳನ್ನೆಲ್ಲ ಸೀಳಿದವನು ನಾನೇ. ಪೂಜೆ ಮುಗಿದ ಡಬ್ಬಿಗಳು ‘ಹೊಸದು’ ಎಂಬ ಚೀಟಿ, ಅದರ ಕೆಳಗೆ ನನ್ನ ಸಹಿ ಹೊತ್ತು ಕಪಾಟಿಗೆ ಮರಳಿದವು.

ಮರುವರ್ಷದ ಮಳೆಗಾಲ ಮುಗಿಯುವಾಗ ಪೇಂಟರ್ ಮಲ್ಲಪ್ಪ ಬಂದ. "ಸರ್, ಹೊಸಾ ಡಬ್ಬಿ ಹಾಕೀನ್ರಿ, ಆದ್ರೂ ಥಿನ್ನರ್ ವಾಸನಿ ಬರಾಕತ್ತೈತಿ."

"ಬಳಸದ ಇದ್ದಿಲು ಹ್ಯಾಂಗ ಕೆಡ್ತೈತೋ? ನಿನ್ನ ಮೂಗ ಕೆಟ್ಟೈತಿ, ಹೋಗು" ಎಂದು ಅಟ್ಟಿದೆ. ಅವನು ತಿಂಗಳುಗಟ್ಟಲೆ ಆ ಡಬ್ಬಿಗಳಲ್ಲೇ ಉಸಿರಾಡಿದ. ಆಮೇಲೊಂದು ದಿನ, ಈಗ ವಾಸನೆ ಬರುತ್ತಿಲ್ಲವೆಂದ. ನೋಡು, ನಾನು ಹೇಳಲಿಲ್ಲವೇ ಎಂದು ಬೀಗಿದೆ. ಆ ಬೀಗಿದ ಮುಖಕ್ಕೆ ಇವತ್ತಿಗೂ ನಾಲ್ಕು ಬಾರಿಸಬೇಕೆನಿಸುತ್ತದೆ.

ಮೊನ್ನೆ ನಾನು ಕೂಗಾಡುತ್ತಿರುವಾಗಲೇ ಲಿಂಗಂಪಲ್ಲಿಯಿಂದ ಮಲ್ಲಪ್ಪ ನಮ್ಮನ್ನು ಕಾಣಲು ಬಂದ. ಫ್ರಿಜ್ಜು ತೆರೆದೇ ಇತ್ತು. ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಒಳಗ ಬರಬ್ಯಾಡ್ರಿ, ಭಾಳ ನಾರಾಕತ್ತೈತಿ" ಎಂದಳು.

"ನಂಗೇನ್ ತಿಳಿಯಂಗಿಲ್ರಿ ಅಕ್ಕಾರ. ಸರ್ ಅವತ್ತಽ ಹೇಳಿದ್ರಲ್ರಿ, ನನ್ನ ಮೂಗ ಕೆಟ್ಟೈತಿ ಅಂತ" ಎಂದು ನಗುತ್ತ, ಬಗ್ಗಿ, ಆ ಮೂಲಂಗಿಯನ್ನು ಬರಿಗೈಯಲ್ಲೇ ಎತ್ತಿ ಹೊರಗೆ ಹಾಕಿ ಬಂದ. ನಾನು ಇದ್ದಿಲಿನ ಚೀಲ ಹಿಡಿದು ನಿಂತೇ ಇದ್ದೆ.