ಹನುಮಾನ್ ಘಾಟಿನಲ್ಲಿ ನಿಲ್ಲಿಸಿದ ದೋಣಿ

ಅತ್ತೆ, ಆ ಬೆಳಗ್ಗೆ ನಾನು ನಿಮ್ಮನ್ನು ಇಳಿಸಿದ್ದು ಕೇದಾರ ಘಾಟಿನಲ್ಲಿ ಅಲ್ಲ. ಅಜ್ಜಿ ಕಾಶಿಗೆ ಬಂದು, ತನ್ನ ಕೊನೆಯ ಆರು ವರ್ಷ ದಿನಾ ಮಿಂದು ಕೂರುತ್ತಿದ್ದ ಮೆಟ್ಟಿಲು ಅದಲ್ಲ. ಗೊತ್ತಿದ್ದೇ ಸುಳ್ಳು ಹೇಳಿದೆ — ಏಳು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದೇನೆ.

ಮೈಸೂರಿನಿಂದ ನೀವು ಬಂದದ್ದೇ ಆ ಮೆಟ್ಟಿಲು ನೋಡಲು. ನಾನೋ, ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಮೇಷ್ಟ್ರು; ಎರಡು ತಿಂಗಳು ಹುಟ್ಟು ಹಾಕಲು ಕಲಿತು ಗಂಗೆಯನ್ನೇ ಗೆದ್ದವನಂತೆ ಮೆರೆಯುತ್ತಿದ್ದೆ. ಅಸ್ಸಿ ಘಾಟಿನಲ್ಲಿ ದೋಣಿಗಾರ ಕಿಶೋರಿ ತಡೆದ: "ಮಾಸ್ಟರ್ ಸಾಬ್, ಜಾಯಲ್ ಆಸಾನ್ ಬಾ, ಲೌಟಲ್ ಮುಸ್ಕಿಲ್." ಹೋಗುವುದು ಸುಲಭ, ಮರಳುವುದು ಕಷ್ಟ ಎಂದು. ಅವನನ್ನು ದಡದಲ್ಲೇ ಬಿಟ್ಟು ಹೊರಟೆ. ನೀರೇ ನಮ್ಮನ್ನು ಒಯ್ಯುತ್ತಿತ್ತು. ನಾನು ತುಳಸಿ ಘಾಟ್, ಶಿವಾಲಾದ ಹಳೆಯ ಕೋಟೆ ಎಂದು ಪಾಠ ಒಪ್ಪಿಸುತ್ತಿದ್ದೆ. ನೀವು ಮಾತ್ರ "ಕೇದಾರ ಬಂತೇನೋ?" ಎಂದು ಕೇಳುತ್ತಲೇ ಇದ್ದಿರಿ.

ಹನುಮಾನ್ ಘಾಟಿನ ಹತ್ತಿರ ಬರುವಷ್ಟರಲ್ಲಿ, ದೋಣಿಯನ್ನು ದಡದತ್ತ ಹಿಡಿದಿಟ್ಟೇ ತೋಳು ಸೋತಿತು. ಇನ್ನೂ ಕೆಳಗೆ ಹೋದರೆ ಹರಿವಿಗೆದುರಾಗಿ ಮರಳಲಾರೆ — ಅದನ್ನು ನಿಮ್ಮೆದುರು ಒಪ್ಪಿಕೊಳ್ಳಲು ನಾಚಿಕೆ. ಮುಂದಿನ ಹರಿಶ್ಚಂದ್ರ ಘಾಟಿನ ಚಿತೆಗಳನ್ನು ನೀವು ನೋಡುವುದು ಬೇಡ ಎಂದು ನೆಪವನ್ನೂ ಹುಡುಕಿಕೊಂಡೆ. ಹರಿಶ್ಚಂದ್ರನ ಮಗ್ಗುಲಲ್ಲೇ ಸುಳ್ಳಾಡಿದ ಮಹಾನುಭಾವ ನಾನು! "ಇದೇ ಕೇದಾರ ಅತ್ತೆ, ಇಳೀರಿ" ಎಂದೆ. ಗೋಡೆಯ ಮೇಲೆ ಘಾಟಿನ ಹೆಸರು ಆಳೆತ್ತರ ಬರೆದಿತ್ತು. ನಿಮಗೆ ಹಿಂದಿ ಓದಲು ಬರುತ್ತಿರಲಿಲ್ಲ. ಕೇದಾರದಲ್ಲಿ ಕೇಳುವಂತೆಯೇ ಸುತ್ತ ತಮಿಳು, ತೆಲುಗು, ನಮ್ಮ ಕನ್ನಡವೂ ಕೇಳುತ್ತಿತ್ತು. ನಿಮಗೆ ಅನುಮಾನವೇ ಬರಲಿಲ್ಲ.

ಮೆಟ್ಟಿಲಿಗೆ ಕೆನ್ನೆ ಒತ್ತಿ, "ಅಮ್ಮಾ, ಬಂದೆ ಕಣೇ... ತಡವಾಯ್ತು" ಎಂದಿರಿ. ಆಗಲಾದರೂ ಹೇಳಬಹುದಿತ್ತು. ಕೇದಾರಕ್ಕೆ ಹತ್ತು ನಿಮಿಷದ ದಾರಿ, ನಡೆಸಿಕೊಂಡೇ ಹೋಗಬಹುದಿತ್ತು — ನಾನು ನಿಮ್ಮ ಫೋಟೋ ತೆಗೆದೆ.

ಮೊನ್ನೆ ಫೋನಿನಲ್ಲಿ ಹೇಳಿದಿರಿ: "ನನ್ನ ಅಸ್ಥೀನೂ ಅದೇ ಮೆಟ್ಲ ಹತ್ರ ಬಿಡೋ, ಅಮ್ಮನ ಪಕ್ಕ. ನಿಂಗೊಬ್ಬನಿಗೇ ಜಾಗ ಗೊತ್ತಿರೋದು." ಹೂಂ ಎಂದೆ.

ಕ್ಷಮಿಸಿ ಎಂದು ಕೇಳುವುದಿಲ್ಲ. ನೀವು ಇದನ್ನು ಓದಿ ನನ್ನನ್ನು ಬೈಯುವಷ್ಟು ಗಟ್ಟಿಯಾಗಿರುವಾಗಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಮತ್ತೆ ಕಾಶಿಗೆ ಕರೆಸೋಣವೆಂದರೆ, ಈಗ ಮಂಚದಿಂದ ಹೊಸ್ತಿಲಿಗೆ ಬರಲೂ ನಿಮ್ಮನ್ನು ಇಬ್ಬರು ಹಿಡಿದುಕೊಳ್ಳಬೇಕು. ನಿಮ್ಮ ಅಸ್ಥಿಯನ್ನು ಅಜ್ಜಿಯ ಮೆಟ್ಟಿಲಿಗೇ ಒಯ್ಯುತ್ತೇನೆ, ಅತ್ತೆ. ನಿಮ್ಮನ್ನೇ ಒಯ್ಯಲು ಒಂದು ಬೆಳಗು ಸಿಕ್ಕಿತ್ತು — ಅದನ್ನು ನಾನು ಹಾಳು ಮಾಡಿದೆ.