ಹಲ್ಲಿನ ಡಾಕ್ಟ್ರು ಕೊಟ್ಟ ನಿದ್ದೆ

ದೇಚಮ್ಮ ಡಾಕ್ಟ್ರು ಬಸ್ಸಿನಲ್ಲಿ ತೂಕಡಿಸಿದ್ದನ್ನು ಕಂಡವರಿರಲಿಲ್ಲ. ಪಿರಿಯಾಪಟ್ಟಣದಲ್ಲಿ ಹಲ್ಲಿನ ಕ್ಲಿನಿಕ್ಕು, ಹುಣಸೂರಿನಲ್ಲಿ ಮನೆ. ದಿನಾ ಗೇರ್ ಬಾಕ್ಸ್ ಪಕ್ಕದ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ಮೇಲಿನ ಕನ್ನಡಿಯಲ್ಲಿ ಡ್ರೈವರನ ಕಣ್ಣನ್ನೇ ನೋಡುತ್ತಿದ್ದರು. ಅವರ ತಮ್ಮ ಜೀಪು ಓಡಿಸುತ್ತಾ ನಿದ್ದೆಗೆ ಜಾರಿ ಮರಕ್ಕೆ ಗುದ್ದಿ ಸತ್ತಿದ್ದನಂತೆ. ಕೊಡಗಿನ ಹೆಂಗಸು, ಸಣಕಲು ಮೈ, ಗಂಟಲು ಮಾತ್ರ ಪೊಲೀಸಿನದು. "ಇನ್ಸ್‌ಪೆಕ್ಟ್ರು ಬಸ್ ಅತ್ತುದ್ರು ಕಣ್ಲಾ, ಉಸಾರು" ಎಂದು ನಾವು ಡ್ರೈವರುಗಳು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಆಡಿಕೊಂಡ ನನ್ನ ಬಾಯಿಗೆ ಮಣ್ಣು ಹಾಕ!

ಆಗಿನ್ನೂ ಮೊಬೈಲು ಎಲ್ಲರ ಜೇಬಿಗೆ ಬಂದಿರಲಿಲ್ಲ. ಒಂದು ಮಟಮಟ ಮಧ್ಯಾಹ್ನ, ಕಂಪಲಾಪುರ ದಾಟಿದ್ದೆವು. "ಏ ಸ್ವಾಮೀ! ಬ್ರೇಕ್ ಹಾಕು ಮಾರಾಯ!" ಎಂದು ಡಾಕ್ಟ್ರು ಕಿರುಚಿದ್ದು ಕೇಳಿ ಕಣ್ಣು ಬಿಟ್ಟರೆ, ಬಸ್ಸಿನ ಎಡಗಾಲಿಗಳು ರಸ್ತೆ ಬಿಟ್ಟು ಹೊಗೆಸೊಪ್ಪಿನ ಹೊಲದ ಅಂಚಿನಲ್ಲಿದ್ದವು. ಒಳಗೆ ನಲವತ್ತು ಜನ. ನಿಲ್ಲಿಸಿದ ಮೇಲೆ ನನ್ನ ಕೈ ಸ್ಟೇರಿಂಗ್ ಬಿಡಲೇ ಇಲ್ಲ. ಡಾಕ್ಟ್ರು ಬಯ್ಯಲಿಲ್ಲ. ಕೆಳಗಿಳಿಸಿ ನೀರು ಕುಡಿಸಿ ಕೇಳಿದರು: "ಗೊರಕೆ ಉಂಟಾ? ಮಧ್ಯೆ ಉಸಿರು ನಿಲ್ಲುತ್ತದಾ?"

ಅಲ್ಲಿಯವರೆಗೆ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಟ್ಟೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಎಂದು ಮೈಸೂರಿನ ಡಾಕ್ಟ್ರು ಪರೀಕ್ಷೆ ಮಾಡಿ ಆಗಲೇ ಹೇಳಿದ್ದರು. ಮೂಗಿಗೆ ಕಟ್ಟಿಕೊಂಡು ಮಲಗಲು ಗಾಳಿ ಊದುವ ಯಂತ್ರವನ್ನೂ ಕೊಡಿಸಿದ್ದರು.

"ಅದ ಮೂತಿಗೆ ಕಟ್ಕಂಡ್ರೆ ಬಾವೀಲಿ ಮುಳುಗ್ದಂಗಾಯ್ತದೆ ಅಮ್ಮಾವ್ರೇ. ತಿಂಗ್ಳು ನೋಡ್ದೆ, ಆಗ್ನಿಲ್ಲ. ಅಟ್ಟದ ಮ್ಯಾಲಿಟ್ಟಿವ್ನಿ."

"ಆಗದಿದ್ರೆ ಡಾಕ್ಟ್ರಿಗೆ ಹೇಳಬೇಕಿತ್ತು, ಅಟ್ಟಕ್ಕೆ ಹೇಳಿದ್ರೆ ಏನು ಬಂತು? ಬೇರೆ ದಾರಿ ಉಂಟು. ಅಲ್ಲಿವರೆಗೆ ಸ್ಟೇರಿಂಗ್ ಮುಟ್ಟಬೇಡ."

ಬಸ್ಸಿನ ಮಾಲೀಕರಿಗೂ ತಾವೇ ಹೋಗಿ ಹೇಳಿದರು. ಮಾಲೀಕರು ನನ್ನನ್ನು ಸ್ಟ್ಯಾಂಡಿನಲ್ಲಿ "ಹುಣಸೂರ್, ಹುಣಸೂರ್" ಎಂದು ಕೂಗುವ ಕೆಲಸಕ್ಕೆ ಹಾಕಿದರು. ಹದಿನೈದು ವರ್ಷ ಬಸ್ಸು ಓಡಿಸಿದವನಿಗೆ ಅದಕ್ಕಿಂತ ಅವಮಾನ ಇನ್ನೇನಿದೆ? ಮತ್ತೆ ಸೀಟು ಸಿಗುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿ ಊಟ ಸೇರುತ್ತಿರಲಿಲ್ಲ.

ಡಾಕ್ಟ್ರು ಮೈಸೂರಿಗೆ ಕಾಗದ ಬರೆದು, ಅಲ್ಲಿಂದ ಒಪ್ಪಿಗೆ ಬಂದ ಮೇಲೆಯೇ ನನ್ನ ಬಾಯಿಗೆ ಕೈ ಹಾಕಿದ್ದು. ಮೇಲಿನ ಹಲ್ಲಿಗೊಂದು, ಕೆಳಗಿನ ಹಲ್ಲಿಗೊಂದು ಅಚ್ಚು ತೆಗೆದು ಕಟ್ಟು ಮಾಡಿದರು. ಮಲಗುವಾಗ ಹಾಕಿಕೊಂಡರೆ ಅದು ಕೆಳದವಡೆಯನ್ನು ಚೂರು ಮುಂದಕ್ಕೆ ಹಿಡಿಯುತ್ತದೆ, ನಾಲಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುವುದಿಲ್ಲ. ಜೊತೆಗೆ ಹೊಗೆಸೊಪ್ಪಿನ ಕಡ್ಡಿಪುಡಿ ಬಿಡಿಸಿದರು, ಹೊಟ್ಟೆ ಇಳಿಸಲು ಹೇಳಿದರು. ಅಂಗಾತ ಮಲಗದಂತೆ ನನ್ನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಚೆಂಡು ಇಡಲು ನನ್ನ ಹೆಂಡತಿ ಜಯಮ್ಮನಿಗೆ ಕಲಿಸಿದರು.

ನಾಲ್ಕನೇ ದಿನವೇ ಜಯಮ್ಮ ಆ ಕಟ್ಟನ್ನು ಹಂಡೆಯ ಕುದಿಯುವ ನೀರಿಗೆ ಹಾಕಿದಳು. ರಾತ್ರಿಯೆಲ್ಲ ಬಾಯಲ್ಲಿದ್ದ ಎಂಜಲು ತಣ್ಣೀರಿಗೆ ಹೋದೀತೇ ಎಂಬುದು ಅವಳ ಮಡಿ. ತೆಗೆದಾಗ ಎಣ್ಣೆಗೆ ಬಿಟ್ಟ ಹಪ್ಪಳದಂತೆ ಸೊಟ್ಟಗಾಗಿತ್ತು. ಕ್ಲಿನಿಕ್ಕಿನಲ್ಲಿ ಅವಳು ಅಳುತ್ತಾ ನಿಂತರೆ ಡಾಕ್ಟ್ರು ಬಿದ್ದು ಬಿದ್ದು ನಕ್ಕರು. "ತೊಳೀ ಅಂದ್ರೆ ಬೇಯಿಸಿದ್ದೀಯಲ್ಲಮ್ಮ!" ಆಮೇಲೆ ನಗು ನಿಲ್ಲಿಸಿ, "ತಪ್ಪು ನನ್ನದು. ತಣ್ಣೀರು ಅಂತ ನಾನು ಹೇಳಲಿಲ್ಲ" ಎಂದು ಅವತ್ತೇ ಹೊಸ ಅಚ್ಚಿಗೆ ಕೂತರು. ಅಷ್ಟು ಓದಿದವರು ನಮ್ಮಂಥವರ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ವಾರಕ್ಕೊಮ್ಮೆ ಕರೆದು ದವಡೆಯನ್ನು ಕೂದಲೆಳೆಯಷ್ಟು ಮುಂದೆ ತರುತ್ತಿದ್ದರು. ಬೆಳಿಗ್ಗೆ ಕೆನ್ನೆ ನೋಯುತ್ತಿತ್ತು, ದಿಂಬು ಜೊಲ್ಲಿನಿಂದ ಒದ್ದೆ. ಆದರೆ ಮಧ್ಯಾಹ್ನದ ಜೋಂಪು ಹೋಯಿತು. ಎರಡು ತಿಂಗಳಾದ ಮೇಲೆ ಮಾಲೀಕರಿಗೆ ಕಾಗದ ಬರೆದುಕೊಡಿ ಎಂದು ಹೋದೆ.

"ಗೊರಕೇನೇ ಇಲ್ಲ ಅಂತವ್ಳೆ ಜಯಮ್ಮ."

"ಗೊರಕೆ ನಿಂತ ಮಾತ್ರಕ್ಕೆ ಕಾಯಿಲೆ ಹೋಯ್ತು ಅಂತಲ್ಲ. ಕಟ್ಟು ಹಾಕ್ಕೊಂಡು ಮಲಗಿ ಮೈಸೂರಲ್ಲಿ ಮತ್ತೆ ಪರೀಕ್ಷೆ ಆಗಲಿ."

ನನಗೆ ನೆತ್ತಿಗೇರಿತು. "ನನ್ ಒಟ್ಟೆ ಮ್ಯಾಲೆ ಒಡೀತಿದ್ದೀರಲ್ಲ ಅಮ್ಮಾವ್ರೇ!"

"ಹೊಡೀತೇನೆ. ನಿನ್ನ ಹಿಂದೆ ನಲವತ್ತು ಹೊಟ್ಟೆ ಕೂತಿರ್ತವೆ."

ಕಟ್ಟು ಹಿಡಿದುಕೊಂಡು ಮೈಸೂರಿಗೆ ಹೋದೆ. ಉಸಿರು ಸರಿಯಿದೆ, ಓಡಿಸಬಹುದು ಎಂದು ಅಲ್ಲಿಯ ಡಾಕ್ಟ್ರು ಬರೆದುಕೊಟ್ಟರು. ಸೀಟು ಸಿಕ್ಕಿತು. ದೇಚಮ್ಮ ಡಾಕ್ಟ್ರು ಮಾತ್ರ ಮೊದಲಿನಂತೆಯೇ ಕನ್ನಡಿಯಲ್ಲಿ ನನ್ನನ್ನು ಕಾಯುತ್ತಲೇ ಇದ್ದರು, ವರ್ಷಗಟ್ಟಲೆ.

ಅವರು ತೀರಿಕೊಂಡದ್ದು ಕೊಡಗಿನಲ್ಲಿ, ತಂಗಿಯ ಮನೆಯಲ್ಲಿ. ಸುದ್ದಿ ನನಗೆ ತಿಂಗಳು ಕಳೆದು ಗೊತ್ತಾಯಿತು. ಕಡೆಯ ಸಲ ನೋಡಿದ್ದು ಕ್ಲಿನಿಕ್ಕನ್ನು ಪೂರ್ತಿ ಮುಚ್ಚಿ ಬೀಗ ಹಾಕಿ ಬಂದ ಸಂಜೆ, ನನ್ನ ಬಸ್ಸಿನಲ್ಲೇ. ದಾರಿಯಲ್ಲಿ ಅಭ್ಯಾಸದಂತೆ ಕನ್ನಡಿ ನೋಡಿದರೆ ಅವರ ಕಣ್ಣು ಕಾಣಲಿಲ್ಲ. ತಿರುಗಿದರೆ, ಕಿಟಕಿಯ ಸರಳಿಗೆ ತಲೆ ಆನಿಸಿ, ಬಾಯಿ ಚೂರು ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ರಸ್ತೆಯ ಪ್ರತಿ ಹಂಪಿನ ಮೇಲೂ ಬಸ್ಸನ್ನು ಮಗು ಮಲಗಿದ ತೊಟ್ಟಿಲಂತೆ ದಾಟಿಸಿದೆ. ಹುಣಸೂರು ಬಂದು ಎಲ್ಲರೂ ಇಳಿದರೂ ಎಬ್ಬಿಸಲು ಮನಸ್ಸು ಬರಲಿಲ್ಲ.

ಕೊನೆಗೆ ಅವರೇ ಬೆಚ್ಚಿ ಎದ್ದು, ಕನ್ನಡಕ ಸರಿ ಮಾಡಿಕೊಂಡು ಸುತ್ತ ನೋಡಿದರು.

"ನಾನು ನಿದ್ದೆ ಮಾಡಿದ್ನಾ ಸ್ವಾಮಿ? ಎಲ್ಲಿಂದ?"

"ಕಂಪಲಾಪುರಕ್ಕೂ ಮೊದ್ಲೇ ಅಮ್ಮಾವ್ರೇ."